ಅಳಿಯ ಹಿಡಿಸದ ಕಿಟಕಿ

"ಜಾಗ ಇಲ್ಲ ಅನ್ನೋ ಮಾತನ್ನ ಈ ಮನೇಲಿ ಯಾರೂ ಆಡಬಾರದು!" ಎಂದು ಕ್ರಿಸ್ಪಿನ್ ಚಿಸಂಗ ಊಟದ ಮೇಜನ್ನು ಗುದ್ದಿ ಘೋಷಿಸಿದ. ಮೇಜಿನ ಮೇಲಿದ್ದ ಸೊಪ್ಪಿನ ಪಲ್ಯದ ಬಟ್ಟಲು ಹೆದರಿ ಒಂದು ಗೇಣು ಎದ್ದು ಮತ್ತೆ ಕೂತಿತು.

ಹಾಗೆ ಘೋಷಿಸುವ ಹಕ್ಕು ಅವನಿಗಿತ್ತು. ಕಬ್ವೆ ಊರಿನ ಅಡುಗೆ ಎಣ್ಣೆ ಗೋದಾಮಿನಲ್ಲಿ ಲಾರಿಗೆ ಸರಕು ತುಂಬಿಸುವ ಮೇಸ್ತ್ರಿ ಅವನು. ಬೇರೆಯವರು 'ತುಂಬಿತು' ಎಂದು ಕೈ ಕೊಡವಿಕೊಂಡ ಲಾರಿಗೆ ಚಿಸಂಗ ಇನ್ನೊಂದು ಸಾಲು ಡಬ್ಬ ಹಿಡಿಸುತ್ತಿದ್ದ. ಅವನನ್ನು ಕಂಡರೆ ಲಾರಿ ಡ್ರೈವರುಗಳಿಗೆ ಒಳಗೊಳಗೇ ನಡುಕ. ನಮ್ಮ ಸೀಟಿನ ಮೇಲೂ ಡಬ್ಬ ಇಟ್ಟು, ನೀವು ನಿಂತುಕೊಂಡು ಓಡಿಸಿ ಅಂದುಬಿಟ್ಟರೆ?

ಈಗ ಪ್ರಶ್ನೆ ಎಣ್ಣೆ ಡಬ್ಬದ್ದಲ್ಲ, ಸಂಸಾರದ್ದು. ಜುಲೈ ತಿಂಗಳ ಉದ್ದನೆ ರಜೆಗೆ ಲಿವಿಂಗ್‌ಸ್ಟನ್‌ಗೆ ಹೋಗಿ ಜಲಪಾತ ನೋಡಿ ಬರುವುದೆಂದು ತೀರ್ಮಾನವಾಗಿತ್ತು.

"ಎರಡು ರೂಮು ತಗೊಳ್ಳಿ," ಎಂದಳು ಹೆಂಡತಿ ಪ್ರಿಸ್ಕಾ. "ಮಪಾಲೊ ಬೆಳೆದ ಹುಡುಗಿ. ಈ ಅವಳಿ ಹುಡುಗರು ಮಲಗಿದ್ರೆ ಗಡಿಯಾರದ ಮುಳ್ಳಿನ ಹಾಗೆ ಬೆಳಗಿನ ತನಕ ಸುತ್ತುತ್ತಾರೆ."

"ಒಂದೇ ರೂಮು! ಎಲ್ಲರನ್ನೂ ಹಿಡಿಸ್ತೀನಿ."

"ರೂಮಿಗೆ ನಾವು ಹಿಡಿಸಬಹುದು. ನಮಗೆ ರೂಮು ಹಿಡಿಸಬೇಕಲ್ಲ?"

ಚಿಸಂಗ ಸೀಮೆಸುಣ್ಣ ತಂದ. ನಡುಮನೆಯ ಸೋಫಾ, ಮೇಜು, ಟೀವಿ ಎಲ್ಲವನ್ನೂ ಅಂಗಳಕ್ಕೆ ಹೊರಿಸಿ, ನೆಲದ ಮೇಲೆ ಹೋಟೆಲ್ ರೂಮಿನ ಅಳತೆಗೆ ಒಂದು ಚೌಕ ಬರೆದ. ಅದರೊಳಗೆ ಮಂಚ, ಬೀರು, ಬಾಗಿಲು. ಆಮೇಲೆ ಇಡೀ ಸಂಸಾರವನ್ನು ಸಾಲಾಗಿ ನಿಲ್ಲಿಸಿ ಮಲಗುವ ತಾಲೀಮು ಶುರುಮಾಡಿಸಿದ. ಮಂಚದ ಮೇಲೆ ಪ್ರಿಸ್ಕಾ ಮತ್ತು ಮಪಾಲೊ. ಮಂಚದ ಕಾಲಡಿಗೆ ಅಡ್ಡಲಾಗಿ ಅವಳಿಗಳಾದ ಕಾಪ್ಯ ಮತ್ತು ಸಂಪ. ಬೀರುವಿನ ಸಂದಿನಲ್ಲಿ ಸ್ವತಃ ಚಿಸಂಗ, ಕತ್ತಿಯ ಹಾಗೆ ಮಗ್ಗುಲಾಗಿ.

"ಅಪ್ಪಾ, ನಾನು ಬೇರೆ ಮನೇಲಿ ಹುಟ್ಟಬೇಕಿತ್ತು," ಎಂದಳು ಮಪಾಲೊ, ಸೀಮೆಸುಣ್ಣದ ಮಂಚದ ಮೇಲೆ ಕಣ್ಣು ಮುಚ್ಚಿಕೊಂಡು.

"ಮಾತಾಡಬೇಡ, ನೀನು ನಿದ್ದೆಯಲ್ಲಿದೀಯ!"

ಅವಳಿಗಳ ತಂದೆಯನ್ನು ಚಿಸಂಗನ ಬುಡಕಟ್ಟಿನವರಾದ ಬೆಂಬಾ ಜನ 'ಶಿಂಪುಂಡು' ಎಂದು ಗೌರವದಿಂದ ಕರೆಯುತ್ತಾರೆ. ಹೆಸರಿನಲ್ಲೇ ಪುಂಡು ಇರುವಾಗ ಮಕ್ಕಳಲ್ಲಿ ಇಲ್ಲದಿರುತ್ತದೆಯೇ? ತಾಲೀಮು ನಡೆಯುತ್ತಿದ್ದಂತೆ ಸಂಪ ಒಂದು ಗೋಡೆಯನ್ನು ಅಂಗಾಲಿನಿಂದ ಅಳಿಸಿಹಾಕಿದ. ಕಾಪ್ಯ ಆ ತೂತಿನಿಂದ ಹೊರಗೆ ಓಡಿಹೋದ. ಆದರೂ ಒಂದು ಗಳಿಗೆಯ ಮಟ್ಟಿಗೆ ಐದೂ ಜನ ಚೌಕದೊಳಗೆ ಇದ್ದದ್ದು ನಿಜ. ಚಿಸಂಗ ಒಂದು ರೂಮಿಗೆ ಹೇಳಿಬಿಟ್ಟ. ಗೋದಾಮಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡ.

ಹೊರಡುವ ದಿನ ಬೆಳಗ್ಗೆ ಕಾರಿನ ಬಳಿಗೆ ಬಂದು ನೋಡಿದರೆ, ಹಿಂದಿನ ಸೀಟಿನ ನಟ್ಟನಡುವೆ ಆರನೆಯ ಆಕೃತಿಯೊಂದು ಕೂತಿದೆ! ತಲೆಗೆ ಕಡುನೀಲಿ ವಸ್ತ್ರ, ತೊಡೆಯ ಮೇಲೆ ಗಂಟು, ಕೈಯಲ್ಲಿ ಮುಂಕೋಯೋ ತುಂಬಿದ ದೊಡ್ಡ ಕ್ಯಾನು. ಜೋಳದ ಗಂಜಿಗೆ ಕಾಡುಬೇರು ಸೇರಿಸಿ ಮಾಡುವ ಆ ಹುಳಿಪಾನಕವನ್ನು ಅಷ್ಟು ದೊಡ್ಡ ಕ್ಯಾನಿನಲ್ಲಿ ಹೊತ್ತು ತಿರುಗುವವರು ಇಡೀ ಜಾಂಬಿಯಾದಲ್ಲಿ ಒಬ್ಬರೇ: ಅತ್ತೆ ಎಲೆಸ್ತಿನಾ!

ಚಿಸಂಗ ಪಟ್ಟನೆ ಬೆನ್ನು ತಿರುಗಿಸಿದ. ಹೆಂಡತಿಯನ್ನು ಮನೆಯ ಹಿಂದಕ್ಕೆ ಎಳೆದುಕೊಂಡು ಹೋದ.

"ಇದೇನೇ ಇದು?"

"ಅಮ್ಮ."

"ಅಮ್ಮ ಅಂತ ಗೊತ್ತು! ಯಾರು ಕರೆದದ್ದು?"

"ನಾನೇ. 'ಎಲ್ಲರನ್ನೂ' ಹಿಡಿಸ್ತೀನಿ ಅಂದ್ರಿ. ಎಲ್ಲರೂ ಅಂದ್ರೆ ಅಮ್ಮನೂ ಸೇರ್ತಾಳೆ ಅಂದ್ಕೊಂಡೆ. ಪಾಪ, ಈ ವಯಸ್ಸಿನ ತನಕ ಜಲಪಾತ ನೋಡಿಲ್ಲ."

"ಅಯ್ಯೋ, ಅತ್ತೆ-ಅಳಿಯ ಒಂದೇ ರೂಮಲ್ಲಿ ಇರೋದು ಹೆಂಗೇ?"

"ಯಾಕೆ, ಜಾಗ ಇಲ್ವಾ?" ಎಂದಳು ಪ್ರಿಸ್ಕಾ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದೆ.

ತೊಂದರೆ ಜಾಗದ್ದಲ್ಲ. ಮದುವೆಯಾಗಿ ಹದಿನಾರು ವರ್ಷವಾದರೂ ಚಿಸಂಗ ತನ್ನ ಅತ್ತೆಯ ಮುಖವನ್ನು ನೇರವಾಗಿ ನೋಡಿರಲಿಲ್ಲ. ಬೆಂಬಾ ಸಂಪ್ರದಾಯದಲ್ಲಿ ಅಳಿಯ ಅತ್ತೆಯನ್ನು ನೋಡುವ ಹಾಗಿಲ್ಲ. ಎದುರು ಕೂತು ಉಣ್ಣುವ ಹಾಗಿಲ್ಲ. ನೇರವಾಗಿ ಮಾತಾಡುವ ಹಾಗಿಲ್ಲ. ಅತ್ತೆ ಬೀದಿಯ ಆ ಕಡೆಯಿಂದ ಬಂದರೆ ಅಳಿಯ ಈ ಕಡೆಯ ಅಂಗಡಿಗೆ ನುಗ್ಗಬೇಕು. ಹಾಗೆ ನುಗ್ಗಿ ನುಗ್ಗಿಯೇ ಅವನ ಮನೆಯಲ್ಲಿ ಬೇಡದ ಛತ್ರಿಗಳು ಏಳೆಂಟು ಸೇರಿದ್ದವು. ಅದು ದ್ವೇಷವಲ್ಲ, ಪರಮ ಗೌರವ. ಗೌರವ ಹೆಚ್ಚಾದಷ್ಟೂ ದೂರ ಹೆಚ್ಚು. ಆ ಲೆಕ್ಕದಲ್ಲಿ ಒಂದೇ ರೂಮೆಂದರೆ ಅಗೌರವದ ಪರಾಕಾಷ್ಠೆ!

ದಾರಿಯುದ್ದಕ್ಕೂ ಪಟ್ಟ ಪಾಡು ಕೇಳಬೇಡಿ. ಕಾರಿನ ಕನ್ನಡಿಯಲ್ಲಿ ಕಣ್ಣಿಟ್ಟರೆ ಅತ್ತೆಯ ಮುಖ. ಅದಕ್ಕೆ ಚಿಸಂಗ ಕನ್ನಡಿಯನ್ನು ಆಕಾಶಕ್ಕೆ ತಿರುಗಿಸಿಬಿಟ್ಟ. ಹಿಂದೆ ಬರುವ ವಾಹನಗಳ ಬಗ್ಗೆ ಮಪಾಲೊ ವರದಿ ಕೊಡುತ್ತ ಬಂದಳು: "ಅಪ್ಪಾ, ಬಸ್ಸು. ಅಪ್ಪಾ, ಇನ್ನೊಂದು ಬಸ್ಸು. ಅಪ್ಪಾ, ಆ ಬಸ್ಸಿನೋನು ನಿಮಗೆ ಏನೋ ಅಂತಿದಾನೆ." ಅತ್ತೆ ಮಾತ್ರ ಗುಟುಕು ಗುಟುಕಾಗಿ ಮುಂಕೋಯೋ ಹೀರುತ್ತ, ಕಿಟಕಿಯಾಚೆ ನೋಡುತ್ತ, ಮಹಾರಾಣಿಯ ಹಾಗೆ ಕೂತಿದ್ದರು. ದಾರಿಯಲ್ಲಿ ಎಲ್ಲಿಯೂ ಇಳಿಯಲಿಲ್ಲ. ಅಳಿಯ ಕಾರಿನಲ್ಲಿರುವಾಗ 'ಗಾಡಿ ನಿಲ್ಲಿಸಿ' ಎನ್ನುವುದು, ಯಾತಕ್ಕೆ ಎಂದು ಹೇಳುವುದು, ಛೆ ಛೆ! ಈ ಒಂದು ಸಂಗತಿ ಮುಂದೆ ಇಡೀ ಸಂಸಾರದ ಚರಿತ್ರೆಯನ್ನೇ ಬದಲಿಸಲಿತ್ತು. ಆಗ ಯಾರೂ ಅದನ್ನು ಗಮನಿಸಲಿಲ್ಲ.

ಮಧ್ಯಾಹ್ನ ಇಳಿದ ಮೇಲೆ ಲಿವಿಂಗ್‌ಸ್ಟನ್ ತಲುಪಿದರು. ಹೋಟೆಲಿನ ಮೇಜಿನ ಹಿಂದೆ ಕೂತಿದ್ದವಳು ಮಿಸ್ ಜೆರೆ. ಎದೆಯ ಮೇಲಿನ ಹೆಸರಿನ ಪಟ್ಟಿ ನೋಡಿದ್ದೇ ಚಿಸಂಗನ ಎದೆ ಧಸಕ್ಕೆಂದಿತು. ಜೆರೆ ಅಂದರೆ ಎಂಗೋನಿ ಬುಡಕಟ್ಟು. ಎಂಗೋನಿಗಳೂ ಬೆಂಬಾಗಳೂ ಎಲ್ಲಿ ಸಿಕ್ಕಿದರೂ ಬೈದುಕೊಂಡೇ ನೆಂಟಸ್ತಿಕೆ ತೋರಿಸುವುದು. ಬೈಯದಿದ್ದರೆ ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳುತ್ತಾರೆ.

"ಚಿಸಂಗ? ಬೆಂಬಾ? ಬನ್ನಿ ಬನ್ನಿ. ನಿಮಗೆ ರೂಮು ಯಾತಕ್ಕೆ? ಹಿತ್ತಲಲ್ಲಿ ಒಳ್ಳೇ ಮರ ಇತ್ತಲ್ಲ," ಎಂದಳು ಜೆರೆ.

"ಇಲಿ ತಿನ್ನೋರ ಕೈಗೆ ಹೋಟೆಲ್ ಕೊಟ್ಟ ಪುಣ್ಯಾತ್ಮ ಯಾರಮ್ಮ? ಅಡುಗೆಮನೇಲಿ ಇಲಿ ಒಂದಾದ್ರೂ ಉಳಿದಿದ್ಯಾ?"

"ಕೋತಿ ತಿನ್ನೋರು ಬರ್ತಾರೆ ಅಂತ ಗೊತ್ತಾಗಿ ಅವೂ ಓಡಿಹೋದ್ವು. ಸರಿ, ಒಂದು ರೂಮು, ಹದಿನಾಲ್ಕನೇ ನಂಬರು."

"ಅಕ್ಕಾ," ಎಂದು ಚಿಸಂಗ ದನಿ ಇಳಿಸಿದ. "ಇನ್ನೊಂದು ರೂಮು ಬೇಕಿತ್ತು."

"ಇನ್ನೊಂದಾ? ಇಡೀ ಊರಲ್ಲಿ ಇವತ್ತು ಅಂಗಿ ತಗಲುಹಾಕೋ ಮೊಳೆ ಕೂಡ ಖಾಲಿ ಇಲ್ಲ. ಯಾಕೆ, ಯಾರಿದಾರೆ ಜೊತೇಲಿ?"

"ಅತ್ತೆ."

ಜೆರೆ ಪೆನ್ನು ಕೆಳಗಿಟ್ಟಳು. ಬಾಗಿಲ ಕಡೆ ನೋಡಿದಳು. ಅಲ್ಲಿ ಎಲೆಸ್ತಿನಾ ಅವರು ಗೋಡೆಗೆ ಮುಖ ಮಾಡಿಕೊಂಡು, ಕ್ಯಾನು ಅಪ್ಪಿಕೊಂಡು ಗಂಭೀರವಾಗಿ ನಿಂತಿದ್ದರು. "ಬೆಂಬಾ ಅಳಿಯ, ಬೆಂಬಾ ಅತ್ತೆ, ಒಂದೇ ರೂಮು!" ಎಂದಳು ಜೆರೆ, ಭಕ್ತಿಯಿಂದ ಕೈ ಮುಗಿದು. "ಇವತ್ತು ನಾನು ಸಂಬಳ ಇಲ್ದೇನೂ ಕೆಲಸ ಮಾಡ್ತೀನಿ. ತಗೊಳ್ಳಿ, ಒಂದು ಹಾಸಿಗೆ ಜಾಸ್ತಿ ಕೊಡ್ತೀನಿ."

ಚಿಸಂಗ ಊರೆಲ್ಲ ಸುತ್ತಿ ಬಂದ. ಜೆರೆ ಹೇಳಿದ್ದು ನಿಜ. ಒಂದು ಮೊಳೆಯೂ ಖಾಲಿ ಇರಲಿಲ್ಲ.

"ನೀವು ಕಾರಲ್ಲಿ ಮಲಗಿ," ಎಂದಳು ಪ್ರಿಸ್ಕಾ.

"ಕಾರಲ್ಲಿ ಮಲಗಿದ್ರೆ ರೂಮಲ್ಲಿ ಹಿಡಿಸಿದ ಹಾಗಾಯ್ತಾ? ಗೋದಾಮಿನಲ್ಲಿ ಮುಖ ಹೆಂಗೆ ತೋರಿಸ್ಲಿ? ಕೊಡಿಲ್ಲಿ ನಿನ್ನ ಚಿತೆಂಗೆ ಬಟ್ಟೆಗಳನ್ನ!"

ಅತ್ತೆಯನ್ನು ಹೆಂಡತಿಯ ಕೈಲಿ ಪಡಸಾಲೆಯ ಕುರ್ಚಿಯಲ್ಲಿ ಕೂರಿಸಿ ಚಿಸಂಗ ಕೆಲಸಕ್ಕಿಳಿದ. ಬೀರುವಿನ ನೆತ್ತಿಯಿಂದ ಕಿಟಕಿ ಪರದೆಯ ಸರಳಿಗೆ ಹಗ್ಗ ಎಳೆದು, ಅದರ ಮೇಲೆ ಹೆಂಡತಿ ಸುತ್ತಿಕೊಳ್ಳುವ ಬಟ್ಟೆಗಳನ್ನೆಲ್ಲ ಇಳಿಬಿಟ್ಟ. ಕೆಂಪು ಹುಂಜಗಳ ಚಿತ್ರವಿದ್ದ ಗಡಿಗೋಡೆಯೊಂದು ರೂಮನ್ನು ಎರಡು ದೇಶ ಮಾಡಿತು. ಬೀರುವಿನ ಕಡೆಯದು ಅಳಿಯನ ದೇಶ. ಆ ಕಡೆಯದು ಅತ್ತೆಯ ದೇಶ. ಹೆಚ್ಚುವರಿ ಹಾಸಿಗೆಗೆ ಉಳಿದದ್ದು ಒಂದೇ ಜಾಗ, ಸ್ನಾನದ ಮನೆಯ ಬಾಗಿಲೆದುರು. ಅಳೆದು ಹಾಸಿದರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ!

"ನೋಡಿದೆಯಾ?" ಎಂದು ಮೀಸೆ ತಿರುವಿದ.

"ನೋಡ್ತಾ ಇದೀನಿ," ಎಂದಳು ಪ್ರಿಸ್ಕಾ. ರಾತ್ರಿಯ ಊಟಕ್ಕೆ ನ್ಶಿಮಾ, ಅಂದರೆ ಮೆಕ್ಕೆಜೋಳದ ಮುದ್ದೆ, ಬೇಯಿಸಿಕೊಂಡು ಬರಲು ಮಪಾಲೊಳನ್ನು ಕರೆದುಕೊಂಡು ಹೋಟೆಲಿನ ಅಡುಗೆಮನೆಗೆ ಹೊರಟಳು.

ಅತ್ತೆ ಒಳಗೆ ಬರುವ ಮೊದಲೇ ಸ್ನಾನ ಮುಗಿಸಿಬಿಡೋಣವೆಂದು ಚಿಸಂಗ ಸ್ನಾನದ ಮನೆಗೆ ನುಗ್ಗಿದ. ಬಟ್ಟೆ ಕಳಚಿ ಸ್ಟೂಲಿನ ಮೇಲಿಟ್ಟು ರಾಜಗಾಂಭೀರ್ಯದಿಂದ ಒಂದು ನಲ್ಲಿ ತಿರುಗಿಸಿದ. ತೊಟ್ಟಿಗೆ ಬೀಳಬೇಕಾದ ನೀರು ಗೋಡೆಯ ಮೇಲಿನ ಜಾಲರಿಯಿಂದ ನೇರವಾಗಿ ಸ್ಟೂಲಿನ ಮೇಲೆ ಸುರಿಯಿತು. ಅಂಗಿ, ಪ್ಯಾಂಟು, ಒಳಬಟ್ಟೆ ಎಲ್ಲವೂ ಅವನಿಗಿಂತ ಮೊದಲೇ ಸ್ನಾನ ಮಾಡಿ ಮುಗಿಸಿದವು. ಹೋಗಲಿ ಎಂದು ಮೈ ತೊಳೆದುಕೊಂಡು ಹೋಟೆಲಿನ ಟವೆಲ್ ಬಿಡಿಸಿದ. ಕರವಸ್ತ್ರಕ್ಕೆ ದೊಡ್ಡಣ್ಣ ಅನ್ನಬಹುದಿತ್ತು, ಅಷ್ಟೇ. ಮುಂದೆ ಮುಚ್ಚಿದರೆ ಹಿಂದೆ ಇಲ್ಲ.

ಬಾಗಿಲನ್ನು ಎಳ್ಳಿನಷ್ಟು ತೆರೆದ. "ಕಾಪ್ಯಾ! ನನ್ನ ಬ್ಯಾಗು ತಾ."

"ತರಕ್ಕಾಗಲ್ಲ. ಅಜ್ಜಿ ಅದಕ್ಕೆ ಒರಗಿಕೊಂಡು ಕೂತಿದಾರೆ."

ಚಿಸಂಗ ಬಾಗಿಲನ್ನು ರಪ್ಪನೆ ಮುಚ್ಚಿದ. ಅತ್ತೆ! ಒಂದು ಹಲಗೆಯ ಆಚೆ!

"ಏ, ಏನೂ ಹೇಳಬೇಡ ಅಜ್ಜಿಗೆ!" ಎಂದು ಪಿಸುಗುಟ್ಟಿದ.

"ಅಜ್ಜಿ, ಅಪ್ಪ ನಿಮಗೆ ಏನೂ ಹೇಳಬೇಡ ಅಂದ್ರು!" ಎಂದು ಕಾಪ್ಯ ಕೂಗಿದ.

ಆಮೇಲೆ ಸಂಪನ ದನಿ: "ಅಪ್ಪಾ, ಅಪ್ಪನಿಗೆ ಏನಾದ್ರೂ ಬೇಕಾ ಅಂತ ಅಜ್ಜಿ ಕೇಳ್ತಿದಾರೆ."

"ಏನೂ ಬೇಡ ಅನ್ನು. ಅಜ್ಜಿಗೆ ಏನಾದ್ರೂ ಬೇಕಾ ಅಂತ ಕೇಳು."

"ಏನೂ ಬೇಡ್ವಂತೆ. ಅಪ್ಪ ಆರಾಮಾಗಿ ಸ್ನಾನ ಮಾಡ್ಲಿ ಅಂದ್ರು."

"ಅಜ್ಜಿ ಸ್ವಲ್ಪ ಹೊರಗೆ ಗಾಳಿಗೆ ಹೋಗಿ ಬರ್ತಾರೇನು ಕೇಳು."

"ಗಾಳಿ ಬೇಡ್ವಂತೆ. ಅಪ್ಪನ ಸ್ನಾನ ಮುಗಿಯೋ ಅಂದಾಜು ಇದೆಯಾ ಅಂತ ಕೇಳ್ತಿದಾರೆ."

"ಅವಸರ ಏನೂ ಇಲ್ಲ ಅಂತ ಹೇಳು!"

ಹೀಗೆ ಗೌರವವು ಬಾಗಿಲಿನ ಎರಡೂ ಕಡೆ ಬೆಟ್ಟದಂತೆ ಬೆಳೆಯಿತು. ಅತ್ತೆ ಎದ್ದು ಹೋಗಲಿ ಎಂದು ಅಳಿಯ ಕಾದ. ಅಳಿಯ ಹೊರಗೆ ಬರಲಿ ಎಂದು ಅತ್ತೆ ಕಾದರು. ಯಾಕೆ ಕಾಯುತ್ತಿದ್ದೇವೆಂದು ಇಬ್ಬರೂ ಬಾಯಿ ಬಿಡಲಿಲ್ಲ. ಕಕ್ಕಸು ಇದ್ದದ್ದೂ ಆ ಸ್ನಾನದ ಮನೆಯೊಳಗೇ. ಕಬ್ವೆಯಿಂದ ಇಲ್ಲಿಯವರೆಗೆ ಕುಡಿದ ಮುಂಕೋಯೋ ಮಾತ್ರ ಯಾರ ಮುಲಾಜೂ ಇಲ್ಲದೆ ತನ್ನ ಹಕ್ಕು ಕೇಳುತ್ತಿತ್ತು.

"ಅಪ್ಪಾ, ಅಜ್ಜಿ ಡ್ಯಾನ್ಸ್ ಮಾಡ್ತಿದಾರೆ!" ಎಂದ ಕಾಪ್ಯ.

"ಪ್ರವಾಸದ ಖುಷಿ ಕಣೋ, ಮಾಡ್ಲಿ ಬಿಡು," ಎಂದ ಆ ಅಮಾಯಕ.

ಅಷ್ಟರಲ್ಲಿ ಅವನ ಕಣ್ಣಿಗೆ ಕಿಟಕಿ ಬಿತ್ತು. ನೆಲ ಅಂತಸ್ತು. ಕಿಟಕಿಯಾಚೆ ಅವನದೇ ಕಾರು. ಕಾರಿನ ಡಿಕ್ಕಿಯಲ್ಲಿ ಗೋದಾಮಿನ ನೀಲಿ ಮೇಲಂಗಿ. ಡಿಕ್ಕಿಗೆ ಬೀಗವಿಲ್ಲ, ಹಗ್ಗ ಅಷ್ಟೇ. ಎಲ್ಲವೂ ಹೇಳಿ ಮಾಡಿಸಿದ ಹಾಗಿದೆ! ಹಾರುವುದು, ಹಾಕಿಕೊಳ್ಳುವುದು, ಮುಂಬಾಗಿಲಿನಿಂದ ಗಂಭೀರವಾಗಿ ನಡೆದುಬರುವುದು. ತೊಟ್ಟಿಯ ಸುತ್ತ ಇಳಿಬಿಟ್ಟಿದ್ದ ಪ್ಲಾಸ್ಟಿಕ್ ಪರದೆಯನ್ನು ಕಿತ್ತು ಸೊಂಟಕ್ಕೆ ಸುತ್ತಿದ. ಅದರ ತುಂಬ ಹಳದಿ ಮೀನುಗಳು. ಕಿಟಕಿಯನ್ನು ಕಣ್ಣಲ್ಲೇ ಅಳೆದ. ಲಾರಿ ತುಂಬಿಸಿದ ಕಣ್ಣು! "ಧಾರಾಳ," ಎಂದುಕೊಂಡ.

ತಲೆ ಹೋಯಿತು. ಭುಜ ಹೋಯಿತು. ಎದೆಯೂ ಹೋಯಿತು. ಹೊಟ್ಟೆ ಬಂತು.

ಹೊಟ್ಟೆ ಅಲ್ಲೇ ನಿಂತಿತು.

ಮುಂದೆ ನೂಕಿದ, ಹೋಗಲಿಲ್ಲ. ಹಿಂದೆ ಎಳೆದುಕೊಂಡ, ಬರಲಿಲ್ಲ. ಇಷ್ಟು ವರ್ಷ ಜಗತ್ತಿನ ಸರಕನ್ನೆಲ್ಲ ಸಂದುಗೊಂದುಗಳಿಗೆ ಹಿಡಿಸಿದ ಮಹಾಮೇಸ್ತ್ರಿ, ಈಗ ತಾನೇ ಒಂದು ಡಬ್ಬವಾಗಿ ಸಿಕ್ಕಿಕೊಂಡಿದ್ದ! ಎದುರಿಗೆ ಹೋಟೆಲಿನ ಅಂಗಳ. ರಜೆಗೆ ಬಂದ ಜನರೆಲ್ಲ ಒಲೆಯ ಸುತ್ತ ಕೂತು ಮಾಂಸ ಸುಡುತ್ತಿದ್ದಾರೆ. ಒಬ್ಬೊಬ್ಬರಾಗಿ ತಿರುಗಿದರು. ಸಂಗೀತ ನಿಂತಿತು.

"ಶುಭ ಸಂಜೆ," ಎಂದ ಚಿಸಂಗ, ಬೇರೇನು ಹೇಳಬೇಕೋ ತಿಳಿಯದೆ.

ಗುಂಪನ್ನು ಸೀಳಿಕೊಂಡು ಜೆರೆ ಬಂದಳು. ಕೆಳಗಿನಿಂದ ಮೇಲಕ್ಕೂ ಮೇಲಿನಿಂದ ಕೆಳಕ್ಕೂ ನೋಡಿದಳು. "ಮರ ಹಿತ್ತಲಲ್ಲಿದೆ ಅಂದಿದ್ದೆ. ಅಷ್ಟರೊಳಗೇ ಹುಡುಕ್ಕೊಂಡು ಹೊರಟೇಬಿಟ್ರಾ?"

"ಅಕ್ಕಾ, ಕಾಲಿಗೆ ಬೀಳ್ತೀನಿ, ಎಳೀರಿ!"

"ಎಳೆದ್ರೆ ನನ್ನ ಕಿಟಕಿ ಕಿತ್ತು ಬರುತ್ತೆ. ಒಳಗೆ ಯಾರಿದಾರೆ?"

"ಯಾರೂ ಇಲ್ಲ! ಅಂದ್ರೆ, ಇದಾರೆ. ಆದ್ರೆ ಅವರು ಇಲ್ಲ ಅಂತ್ಲೇ ಲೆಕ್ಕ!"

ಒಳಗಿನ ಕಥೆ ಅವನಿಗೆ ಕೇಳಿಸಿತಷ್ಟೆ, ಕಾಣಿಸಲಿಲ್ಲ. ಬಾಗಿಲು ತೆರೆದ ಸದ್ದು. ಸಂಪನ ಕಿರುಚಾಟ: "ಅಜ್ಜೀ, ಅಪ್ಪ ಅರ್ಧ ಖಾಲಿ!" ಆಮೇಲೆ ಹೆಜ್ಜೆಗಳು. ಆಮೇಲೆ, ಹದಿನಾರು ವರ್ಷದಲ್ಲಿ ಮೊದಲ ಬಾರಿಗೆ ನೇರವಾಗಿ ಅವನನ್ನೇ ಉದ್ದೇಶಿಸಿದ ದನಿ:

"ನಾನು ಕಣ್ಣು ಮುಚ್ಕೊಂಡಿದೀನಿ. ನೀನೂ ಮುಚ್ಕೋ."

ಎರಡು ಕೈ ಅವನ ಕಣಕಾಲುಗಳನ್ನು ಹಿಡಿದವು. ಅದೇನು ಹಿಡಿತ! ಎತ್ತು ಹೂಡಿ ಹೊಲ ಉತ್ತ ಕೈಗಳವು. ಅದರ ಮೇಲೆ ದಿನವಿಡೀ ತಡೆದು ಹಿಡಿದ ಮುಂಕೋಯೋದ ಬಲ ಬೇರೆ. ಚಿಸಂಗ ಬಾಟಲಿಯ ಬಿರಡೆಯ ಹಾಗೆ 'ಪೊಳಕ್' ಎಂದು ಒಳಕ್ಕೆ ಬಂದ. ನೆಲ ಮುಟ್ಟುವ ಮೊದಲೇ ಮೀನಿನ ಪರದೆಯಲ್ಲಿ ಅವನನ್ನು ಸುತ್ತಿ, ಹೊರಗೆ ಹಾಸಿಗೆಯ ಮೇಲಕ್ಕೆ ಉರುಳಿಸಿಯಾಗಿತ್ತು. ಬಾಗಿಲು ಧಡಾರೆಂದು ಮುಚ್ಚಿತು. ಚಿಲಕ ಬಿತ್ತು. ಒಂದು ಗಳಿಗೆಯ ನಂತರ ಒಳಗಿನಿಂದ ಅತ್ತೆಯ ದನಿಯಲ್ಲಿ ಇಂಪಾದ ದೇವರ ಕೀರ್ತನೆಯೊಂದು ತೇಲಿ ಬಂತು.

ಚಿಸಂಗ ಬ್ಯಾಗಿನ ಮೇಲೆ ಬಿದ್ದ. ಜಿಪ್ಪು ಎಳೆಯುವಷ್ಟರಲ್ಲಿ ಎದುರಿನ ಬಾಗಿಲು ತೆರೆದುಕೊಂಡಿತು. ಹೊಗೆಯಾಡುವ ನ್ಶಿಮಾ ಪಾತ್ರೆ ಹಿಡಿದ ಪ್ರಿಸ್ಕಾ, ಹಿಂದೆ ಮಪಾಲೊ.

"ರೀ! ಮೀನಿನ ಸೀರೆ ಉಟ್ಕೊಂಡು ಅಮ್ಮನ ಹಾಸಿಗೆ ಮೇಲೆ ಏನ್ ಮಾಡ್ತಿದೀರಾ?"

"ಏನೂ ಇಲ್ಲ!"

"ಅಪ್ಪ ಕಿಟಕೀಲಿ ಸಿಕ್ಕಾಕ್ಕೊಂಡ್ರು! ಅಜ್ಜಿ ಕಾಲು ಹಿಡ್ಕೊಂಡು ಎಳೆದ್ರು!" ಎಂದು ಅವಳಿಗಳು ಒಟ್ಟಿಗೇ ಕುಣಿದರು.

ಪ್ರಿಸ್ಕಾಳ ಕೈಯಿಂದ ಸೌಟು ಜಾರಿತು. ಇಷ್ಟು ಹೊತ್ತು ಅವಳ ಮುಖದಲ್ಲಿದ್ದ ತಮಾಷೆ ಮಾಯವಾಯಿತು. "ಅಮ್ಮ ನಿಮ್ಮನ್ನ ಮುಟ್ಟಿದ್ಲಾ? ಅಯ್ಯೋ ದೇವರೇ! ಸೋದರಮಾವಂದಿರಿಗೆ ಗೊತ್ತಾದ್ರೆ ಪಂಚಾಯ್ತಿ ಸೇರಿಸ್ತಾರೆ. ಮರ್ಯಾದೆ ಗೊತ್ತಿಲ್ಲದ ಅಳಿಯ ಅಂತ ನಿಮ್ಮನ್ನ ನನ್ನಿಂದ ಬಿಡಿಸಿಬಿಡ್ತಾರೆ ಕಣ್ರೀ!" ಚಿಸಂಗ ಹುಂಜಗಳ ಪರದೆಯ ಹಿಂದೆ ಓಡಿ ಅಂಗಿ ಪ್ಯಾಂಟು ಏರಿಸಿಕೊಂಡು, ಗೋಡೆಗೆ ಮುಖ ಮಾಡಿ ಅಪರಾಧಿಯಂತೆ ನಿಂತ.

ಕೀರ್ತನೆ ಮುಗಿಯಿತು. ಅತ್ತೆ ನಿಧಾನವಾಗಿ ಹೊರಗೆ ಬಂದು ಹಾಸಿಗೆಯ ಮೇಲೆ ಕೂತರು.

"ಪ್ರಿಸ್ಕಾ, ನಿನ್ನ ಗಂಡನಿಗೆ ಹೇಳು..." ಎಂದು ಶುರುಮಾಡಿ ತಡೆದರು. "ಬೇಡ. ನಾನೇ ಹೇಳ್ತೀನಿ. ಅಳಿಯಾ!"

"ಆ?" ಎಂದಿತು ಪರದೆ.

"ನೀನು ದಪ್ಪ ಆಗಿದೀಯ."

ಪರದೆ ಹೊಟ್ಟೆ ಒಳಗೆಳೆದುಕೊಂಡಿತು.

"ಒಳ್ಳೇದೇ ಆಯ್ತು. ನನ್ನ ಮಗಳು ಚೆನ್ನಾಗಿ ಅಡುಗೆ ಮಾಡಿ ಹಾಕ್ತಾಳೆ, ನೀನೂ ಚೆನ್ನಾಗಿ ತಂದು ಹಾಕ್ತೀಯ ಅಂತಾಯ್ತು." ಅತ್ತೆ ಗಂಟಲು ಸರಿಮಾಡಿಕೊಂಡರು. "ನಿನ್ನನ್ನ ಒಳಸೇರಿಸೋ ಶಾಸ್ತ್ರ ಮಾಡ್ಬೇಕು, ಅಳಿಯನ್ನ ಮಗನ ಹಾಗೆ ಮನೆಯೊಳಗೆ ಕರ್ಕೋಬೇಕು ಅಂತ ನನ್ನ ಅಣ್ಣತಮ್ಮಂದಿರು ವರ್ಷಾನುಗಟ್ಟಲೆ ಕೂತು ಮಾತಾಡ್ತಾನೇ ಇದಾರೆ. ಕೋಳಿ ಎಷ್ಟು, ಡೋಲು ಯಾರದು, ಮುಗಿಯೋದೇ ಇಲ್ಲ. ಇವತ್ತು ನಾನೊಬ್ಬಳೇ ಕಾಲು ಹಿಡಿದೆಳೆದು ಒಳಸೇರಿಸಿದೆ. ಇದಕ್ಕಿಂತ ಇನ್ನು ಹೆಂಗೆ ಸೇರಿಸ್ತಾರೆ? ಯಾರಾದ್ರೂ ಕೇಳ್ಲಿ, ನಾನು ಹೇಳ್ತೀನಿ ಉತ್ತರ!"

ಹೇಳಿದವರೇ ಎದ್ದು ಕೆಂಪು ಹುಂಜಗಳ ಗಡಿಗೋಡೆಯನ್ನು ಹಗ್ಗದ ಸಮೇತ ಕಿತ್ತೆಸೆದು, ನಾಲಿಗೆ ಹೊರಳಿಸಿ ಮದುವೆಮನೆಯ ಹೆಂಗಸರ ಹಾಗೆ 'ಉಲುಲುಲು' ಎಂದು ಕೂಗಿದರು. ಪ್ರಿಸ್ಕಾ ಅಳುತ್ತಲೇ ದನಿಗೂಡಿಸಿದಳು. ಬಾಗಿಲಾಚೆ ಕಿವಿ ಕೊಟ್ಟು ನಿಂತಿದ್ದ ಜೆರೆ ಎಲ್ಲರಿಗಿಂತ ಜೋರಾಗಿ ಕೂಗಿದಳು.

ಚಿಸಂಗ ಮೆಲ್ಲನೆ ತಲೆ ಎತ್ತಿದ. ಅತ್ತೆಯ ಮುಖ ಕಂಡಿತು. ಇಷ್ಟು ವರ್ಷ ಅದನ್ನು ಸಿಂಹದ ಮುಖವೆಂದು ಕಲ್ಪಿಸಿಕೊಂಡಿದ್ದ. ನೋಡಿದರೆ ಪ್ರಿಸ್ಕಾಳದೇ ಮೂಗು. ನಕ್ಕಾಗ ಎಡಗೆನ್ನೆಯಲ್ಲಿ ಬೀಳುವ ಅದೇ ಗುಳಿ. ಆರೂ ಜನ ಒಂದೇ ಪಾತ್ರೆಯ ಸುತ್ತ ಕೂತು ನ್ಶಿಮಾ ಮುರಿದು ಉಂಡರು. ಅತ್ತೆ ಒಳ್ಳೆಯ ಒಣಮೀನುಗಳನ್ನೆಲ್ಲ ಅಳಿಯನ ಕಡೆಗೇ ತಳ್ಳಿದರು.

ತಳ್ಳುತ್ತಲೇ ಮಾತಾಡಿದರು. ಹದಿನಾರು ವರ್ಷದ ಬಾಕಿ! ಅವನ ಮದುವೆಯ ಕೋಟಿನ ತೋಳು ಗಿಡ್ಡವಿತ್ತು. ಅವಳಿಗಳು ಹುಟ್ಟಿದಾಗ ಅವನು ತಂದ ಹಾಲಿನ ಪುಡಿ ಬೇರೆ ಜಾತಿಯದು. ಕಾರು ಓಡಿಸುವಾಗ ಹಿಂದೆ ನೋಡುವುದೇ ಇಲ್ಲ. ಅಷ್ಟು ಛತ್ರಿ ಯಾಕೆ ಕೊಂಡಿದ್ದಾನೆ? ಹೀಗೆ ಮಾತಾಡುತ್ತಲೇ ಎದ್ದು, ಮಂಚವನ್ನು ಗೋಡೆಗೆ ನೂಕಿ, ಎರಡೂ ಹಾಸಿಗೆಗಳನ್ನು ನೆಲಕ್ಕೆಳೆದು ಜೋಡಿಸಿ, ಎಲ್ಲರನ್ನೂ ಅಡ್ಡಡ್ಡಲಾಗಿ ಮಲಗಿಸಿಬಿಟ್ಟರು. ಇನ್ನಿಬ್ಬರು ಬಂದಿದ್ದರೂ ಜಾಗವಿತ್ತು. ಸೀಮೆಸುಣ್ಣದ ಮೇಸ್ತ್ರಿ ತೋರಿಸಿದ ಮೂಲೆಯಲ್ಲಿ ಮುದುರಿ ಮಲಗಿದ.

ಮರುದಿನ ಬೆಳಗ್ಗೆ ಜಲಪಾತಕ್ಕೆ ಹೊರಡುವ ಮೊದಲು ತಿಂಡಿಗೆ ಕೂತರು. ಮಾಣಿ ಬಂದು ಚಿಸಂಗನ ಮುಂದೆ ಬಾಗಿ ಕೇಳಿದ, "ದೊಡ್ಡವರೆಷ್ಟು ಜನ, ಮಕ್ಕಳೆಷ್ಟು ಜನ ಸಾರ್?"

ಚಿಸಂಗ ಯಜಮಾನನ ಗತ್ತಿನಲ್ಲಿ ಬಾಯಿ ತೆರೆದ. ಅಷ್ಟರಲ್ಲಿ ಅತ್ತೆ ಹೇಳಿಯಾಗಿತ್ತು:

"ದೊಡ್ಡವರು ಇಬ್ಬರು, ನಾನು ಮತ್ತೆ ನನ್ನ ಮಗಳು. ಮಕ್ಕಳು ನಾಲ್ಕು."

ಮಾಣಿ ಎಣಿಸಿ ನೋಡಿದ. ಚಿಸಂಗನ ಮುಖ ನೋಡಿದ. ಅತ್ತೆಯ ಮುಖ ನೋಡಿದ. ಅತ್ತೆಯದೇ ಸರಿ ಅನ್ನಿಸಿರಬೇಕು. ಮೊಲದ ಚಿತ್ರವಿದ್ದ ಪುಟ್ಟ ತಟ್ಟೆಯೊಂದನ್ನೂ ಬಿಸಿ ಹಾಲಿನ ಲೋಟವನ್ನೂ ತಂದು ಚಿಸಂಗನ ಮುಂದೆ ಇಟ್ಟ.

ಪ್ರಿಸ್ಕಾ ಸೆರಗಿನಂತೆ ಚಿತೆಂಗೆಯ ಅಂಚನ್ನು ಬಾಯಿಗೆ ತುರುಕಿಕೊಂಡಳು. ಚಿಸಂಗ ಒಮ್ಮೆ ಹೆಂಡತಿಯನ್ನು ನೋಡಿದ, ಒಮ್ಮೆ ಮೊಲವನ್ನು ನೋಡಿದ. ಲೋಟ ಎತ್ತಿ ಎರಡು ಗುಟುಕು ಕುಡಿದು ಕೆಳಗಿಟ್ಟ.

"ಪೂರ್ತಿ ಕುಡಿ," ಎಂದರು ಅತ್ತೆ.